ತೊಂಬತ್ತು ನಿಮಿಷ

ಹನ್ನೊಂದು ದೀಪಕ್ಕೂ ತೊಂಬತ್ತು ತೊಂಬತ್ತು ಎಂದೇ ಬರೆದರೆ ನೋಡಿದವರಿಗೆ ಸಂಶಯ ಬರುತ್ತದೆಂದು ಎಲೆಕ್ಟ್ರಿಷಿಯನ್ ಉಡಚಪ್ಪ ರಿಜಿಸ್ಟರಿನಲ್ಲಿ ಮೊದಲನೆಯದಕ್ಕೆ ತೊಂಬತ್ತೆರಡು ಎಂದು ಬರೆದ. ಎರಡನೆಯದಕ್ಕೆ ತೊಂಬತ್ತು. ಮೂರನೆಯದಕ್ಕೆ ತೊಂಬತ್ತೈದು ಬರೆಯಲು ಹೋಗಿ, ಅಂಥ ಗಟ್ಟಿ ದೀಪ ಈ ಅಂಗಡಿಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯಾರೆಂದು ಅಳುಕಿ ತೊಂಬತ್ತೊಂದು ಮಾಡಿದ. ನೀಲಿ ಪೆನ್ನಿನ ಜೊತೆ ಒಂದು ಕಪ್ಪು ಪೆನ್ನನ್ನೂ ತಂದಿದ್ದ. ಹೋದ ವರ್ಷದ ಪುಟವೂ ಬಿಟ್ಟುಹೋಗಿತ್ತು, ಅದನ್ನೂ ಇವತ್ತೇ ತುಂಬಬೇಕು, ಎರಡೂ ಒಂದೇ ಶಾಯಿಯಲ್ಲಿ ಇರಬಾರದು. ಇಷ್ಟೆಲ್ಲ ಜಾಣತನ ಎಲ್ಲಿ ಕಲಿತೆಯೋ ಎಂದು ತನ್ನನ್ನೇ ಕೇಳಿಕೊಂಡ. ಯಾರೂ ಕಲಿಸಿರಲಿಲ್ಲ. ಹಾನಗಲ್ಲಿನ ಈ ಮೂರು ಮಜಲಿನ ಬಟ್ಟೆ ಅಂಗಡಿಯ ಬಾಗಿಲುಗಳ ಮೇಲೆ, ಮೆಟ್ಟಿಲಿನ ತಿರುವುಗಳಲ್ಲಿ, ಓಡುವ ಮನುಷ್ಯನ ಚಿತ್ರವಿದ್ದ ಹನ್ನೊಂದು ಹಸಿರು ದೀಪಗಳಿದ್ದವು. ಬೆಂಕಿ ಬಿದ್ದು ಕರೆಂಟು ಹೋದರೆ ಅವು ಒಳಗಿನ ಬ್ಯಾಟರಿಯಿಂದ ತಾವೇ ಉರಿದು ಹೊರಗಿನ ದಾರಿ ತೋರಿಸಬೇಕು. ತೊಂಬತ್ತು ನಿಮಿಷ ತೋರಿಸಬೇಕು. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡುವುದು, ಆರು ತಿಂಗಳಿಗೊಮ್ಮೆ ಅವುಗಳಿಗೆ ಬರುವ ಕರೆಂಟು ತೆಗೆದು, ಆರುವತನಕ ಕಾದು, ನಿಮಿಷ ಬರೆದಿಡುವುದು ಅವನ ಕೆಲಸ. ಗುಂಡಿಯನ್ನು ಒಂದು ತಿಂಗಳೂ ತಪ್ಪಿಸಿರಲಿಲ್ಲ. ನಿಮಿಷಗಳನ್ನು ಮಾತ್ರ, ಅಂಗಡಿ ಕಟ್ಟಿಸಿದ ನಾಲ್ಕು ವರ್ಷದಿಂದಲೂ, ಹೀಗೇ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದ. ಸೋಮವಾರ ಅಗ್ನಿಶಾಮಕದವರು ಬಂದು ರಿಜಿಸ್ಟರ್ ನೋಡುತ್ತಾರೆಂದು ನಿನ್ನೆ ಫೋನು ಬಂದಾಗಿನಿಂದ ಅವನಿಗೆ ಅನ್ನ ಸೇರಿರಲಿಲ್ಲ.

ಅಂಗಡಿ ತುಂಬಿತ್ತು. ಲಗ್ನದ ಜವಳಿಗೆಂದು ಹತ್ತಿಮತ್ತೂರಿನಿಂದ ಒಂದು ಟೆಂಪೋ ಜನ ಬಂದು ಗಾದಿಯ ಮೇಲೆ ಕುಳಿತು ಸೀರೆಗಳನ್ನು ಬಿಚ್ಚಿಸುತ್ತಿದ್ದರು. ಮಾಲೀಕರಾದ ಮೃತ್ಯುಂಜಯಪ್ಪನವರು ಹಣೆಗೆ ವಿಭೂತಿ ಧರಿಸಿ, ಎಲ್ಲರನ್ನೂ ಬೀಗರಂತೆ ಮಾತಾಡಿಸುತ್ತ, ನಡುನಡುವೆ ಕೌಂಟರಿನ ಹಿಂದಿದ್ದ ಉಡಚಪ್ಪನ ಕಡೆ ನೋಡುತ್ತಿದ್ದರು. ಚಹ ಬಂತು. ಗಾದಿಯ ಮೇಲಿನವರಿಗೆ ಗಾಜಿನ ಲೋಟ, ಅವನಿಗೆ ಕಾಗದದ ಕಪ್ಪು. ಈ ಕಾಗದದ ಕಪ್ಪು ಅವನ ತಲೆ ತಿಂದಷ್ಟು ಬೇರೆ ಯಾವುದೂ ತಿಂದಿಲ್ಲ. ಇದು ತನ್ನ ಕೇರಿಯ ಕಾರಣಕ್ಕೋ, ಅಥವಾ ಕೆಲಸಕ್ಕೆ ಬಂದವರಿಗೆಲ್ಲ ಹೀಗೆಯೋ? ಪ್ಲಂಬರನಿಗೆ ಏನು ಕೊಡುತ್ತಾರೆಂದು ನೋಡಬೇಕೆಂದು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದ, ಅವನು ಬಂದ ದಿನ ಇವನು ಬಂದಿರುತ್ತಿರಲಿಲ್ಲ. ಕೇಳಿದರೆ, ಛೆ ಛೆ, ಸ್ವಚ್ಛ ಇರಲಿ ಅಂತ ಎಂದಾರು, ನಿಜವೂ ಇದ್ದೀತು. ಸಿಟ್ಟು ಮಾಡಿಕೊಳ್ಳಲೂ ಆಗದ, ಬಿಡಲೂ ಆಗದ ಇಂಥ ಒಂದು ಅವಮಾನವನ್ನು ಮೆಲ್ಲಗೆ ಊದಿ ಊದಿ ಕುಡಿದ. ಎರಡು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಏಣಿ ಹತ್ತಿ ದೀಪ ಒರೆಸುವಾಗ, ಏ, ಇಳಿ ಕೆಳಗ, ಗಿರಾಕಿ ಅದಾರ ಕಾಣಂಗಿಲ್ಲೇನು ಎಂದು ಮೃತ್ಯುಂಜಯಪ್ಪನವರು ಎಲ್ಲರೆದುರು ಗದರಿದ್ದರು. ಕೆಳಗೆ ಸೀರೆ ನೋಡುತ್ತಿದ್ದ ಹೆಂಗಸರು ನಕ್ಕಿದ್ದರು. ಅದರ ಮರುದಿನವೇ ಅವನು ಆ ಬೆಳಕನ್ನು ನೋಡಿದ್ದು.

ಅಂಗಡಿ ಮುಚ್ಚಿದ ಮೇಲೆ, ರಸ್ತೆಯ ಆಚೆ ಬದಿ ಎಲೆಅಡಿಕೆ ಕೊಳ್ಳುತ್ತ ನಿಂತವನಿಗೆ ಶಟರಿನ ಸಂದಿಯಲ್ಲಿ ಹಸಿರು ಬೆಳಕು ಕಂಡಿತ್ತು. ಬೇರೆ ಒಂದೂ ದೀಪ ಇಲ್ಲ, ದೇವರ ಪಟದ ಮುಂದಿನ ಸಣ್ಣ ಬಲ್ಬೂ ಇಲ್ಲ, ಹಸಿರೊಂದೇ. ಮೊದಲು ಹೆಮ್ಮೆಯೇ ಆಯಿತು, ನಾನು ಕೂಡಿಸಿದ ದೀಪ ಎಂದು. ಎಲೆ ಬಾಯಿಗಿಡುವಷ್ಟರಲ್ಲಿ ವಿಷಯ ತಿಳಿಯಿತು. ಒಳಗೆ ಯಾರೋ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗಿದ್ದಾರೆ. ಕರೆಂಟು ಹೋಯಿತೆಂದು ತಿಳಿದು ಈ ದೀಪಗಳು ಖಾಲಿ ಅಂಗಡಿಗೆ ದಾರಿ ತೋರಿಸುತ್ತ ಕುಳಿತಿವೆ, ಬ್ಯಾಟರಿಯ ಕಡೆಯ ಹನಿ ಇರುವತನಕ ತೋರಿಸುತ್ತವೆ. ದಿನಾ ರಾತ್ರಿ ಹೀಗೆ ಬರಿದಾದರೆ ಎಂಥ ಬ್ಯಾಟರಿಯೂ ಬೇಗ ಸಾಯುತ್ತದೆ. ಬೆಳಿಗ್ಗೆ ಕರೆಂಟು ಬಂದೊಡನೆ ಮತ್ತೆ ಝಗಝಗ ಉರಿಯುತ್ತವೆ, ಗುಂಡಿ ಒತ್ತಿದರೆ ಎರಡು ಕ್ಷಣಕ್ಕೆ ಸಾಲುವಷ್ಟು ಜೀವವೂ ಇರುತ್ತದೆ. ಹಗಲು ಕರೆಂಟು ಹೋದರೆ ಹಿತ್ತಿಲಿನ ಜನರೇಟರ್ ಚಾಲೂ ಆಗುವುದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮರುದಿನ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನನ್ನು ಏಣಿಯಿಂದ ಇಳಿಸಿದವರು, ಬೇಕಾದರೆ ತಾವೇ ಕೇಳಲಿ ಎಂದುಕೊಂಡ. ಯಾರೂ ಕೇಳಲಿಲ್ಲ. ಒಂದು ವಾರ ಬಿಗಿದುಕೊಂಡಿದ್ದು ತಿಂಗಳಾಯಿತು. ತಿಂಗಳಾದ ಮೇಲೆ, ಇಷ್ಟು ದಿನ ಯಾಕ ಹೇಳಲಿಲ್ಲೋ ಎಂಬ ಪ್ರಶ್ನೆಗೆ ಹೆದರಿ ಸುಮ್ಮನಾದ. ಆದರೆ ಒಂದು ಕೆಲಸ ಮಾಡಿದ್ದ. ಮೂರನೇ ಮಜಲಿನಲ್ಲಿ ಹೊಲಿಗೆ ಕೆಲಸಕ್ಕೆ ಬರುವ ತನ್ನ ಹೆಂಡತಿ ಜಯಶ್ರೀಗೆ ಬಾಗಿಲ ಪಕ್ಕದ ಮಿಷನ್ ಕೊಡಿರೆಂದು ಅಲ್ಲಿಯ ಹಿರಿಯಳಾದ ಶಾಕೀರಾಳನ್ನು ಕೇಳಿಕೊಂಡಿದ್ದ. ಆಕೆಗೆ ಗಾಳಿ ಬೇಕಾಗುತ್ತದೆ ಎಂದು ನೆವ ಹೇಳಿದ್ದ. ಶಾಕೀರಾ ತನ್ನ ಜಾಗವನ್ನೇ ಬಿಟ್ಟುಕೊಟ್ಟಿದ್ದಳು.

ಜಯಶ್ರೀ ಹೊಲಿದ ಜಂಪರುಗಳ ಗಂಟು ಹಿಡಿದು ಮೆಟ್ಟಿಲಿಳಿದು ಬಂದಳು. ಕೌಂಟರಿಗೆ ಗಂಟು ಕೊಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನ ಹತ್ತಿರ ಬಂದಳು. ಚಿಕ್ಕೇರೂರಿನಿಂದ ಹೊಸದಾಗಿ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದ್ದಾಳೆ, ತನ್ನ ತವರೂರಿನವಳೇ, ಕಿಟಕಿ ಇಲ್ಲದ ಕೋಣೆಯಲ್ಲಿ ಕೂತು ಹೊಲಿಯಲು ಹೆದರುತ್ತಾಳೆ ಎಂದು ಹೇಳಿ ನಕ್ಕಳು. ಕಿಟಕಿ ಇದ್ದವು, ಅಂಗಡಿಯ ಹೆಸರಿನ ದೊಡ್ಡ ಬೋರ್ಡು ಹೊರಗಿನಿಂದ ಮುಚ್ಚಿತ್ತು. ಹೆದರಬ್ಯಾಡ, ಏನರ ಆದ್ರ ಆ ಹಸರ ದೀಪದ ಬೆನ್ನ ಹತ್ತು, ಅದನ್ನ ನಮ್ಮವ್ರ ನೋಡಿಕೋತಾರ ಎಂದು ತಾನು ಧೈರ್ಯ ಹೇಳಿದ್ದಾಗಿ ಹೇಳಿದಳು. ಹೇಳುವಾಗ ಅವಳ ಮುಖದಲ್ಲಿದ್ದದ್ದು ಗಂಡನ ಬಗ್ಗೆ ಹೆಂಡತಿಗೆ ಅಪರೂಪಕ್ಕೆ ಬರುವ ಹೆಮ್ಮೆ. ಅವನು ರಿಜಿಸ್ಟರಿನ ಮೇಲೆ ಮೊಣಕೈ ಇಟ್ಟ. ಅವಳು ಹೋದ ಮೇಲೆ ಬರೆಯಲು ನೋಡಿದರೆ ಉಳಿದಿದ್ದು ಹನ್ನೊಂದನೆಯ ದೀಪ, ಮೂರನೇ ಮಜಲಿನ ಬಾಗಿಲಿನದು. ತೊಂಬತ್ತು ಎಂದು ಬರೆಯಲು ಕೈ ಬರಲಿಲ್ಲ. ಎರಡು ವರ್ಷದಲ್ಲಿ ಬ್ಯಾಟರಿ ಎಷ್ಟು ಸತ್ತಿದೆಯೋ ತನಗೆ ನಿಜವಾಗಿ ಗೊತ್ತಿಲ್ಲವಲ್ಲ, ಅರ್ಧ ತಾಸಾದರೂ ಉರಿದೀತು, ಇಳಿದು ಹೋಗಲು ಅರ್ಧ ತಾಸು ಬೇಕಾದಷ್ಟಾಯಿತು. ಈ ಲೆಕ್ಕದಿಂದ ಸ್ವಲ್ಪ ಜೀವ ಬಂದಂತಾಗಿ, ಒಮ್ಮೆ ನೋಡಿಯೇ ಬಿಡೋಣವೆಂದು ಎದ್ದ.

ಮೆಟ್ಟಿಲು ಕಿರಿದು. ಸೀಜನ್ನಿನ ಮಾಲು ತುಂಬಿದ ರಟ್ಟಿನ ಪೆಟ್ಟಿಗೆಗಳು ಎರಡನೇ ತಿರುವಿನಲ್ಲಿ ಎದೆಮಟ್ಟ ಇದ್ದವು, ಅಡ್ಡಡ್ಡ ಸರಿದು ಹತ್ತಬೇಕು. ಮೇಲೆ ಹದಿನಾಲ್ಕು ಹೆಣ್ಣುಮಕ್ಕಳು, ಹದಿನಾಲ್ಕು ಮಿಷನ್ನು, ಕಾಲಡಿಯಲ್ಲಿ ಚಿಂದಿ. ಶಾಕೀರಾ ಮೊಣಕಾಲು ನೀವಿಕೊಳ್ಳುತ್ತ, ಚೆಕ್ ಮಾಡಾಕ ಬಂದ್ರೇನಣ್ಣಾ ಎಂದು ಕೇಳಿದಳು. ಹೂಂ ಎಂದ. ಕೋಣೆಯ ಹೊರಗಿನ ಗೋಡೆಯಲ್ಲಿದ್ದ ಸ್ವಿಚ್ಚಿನ ಪೆಟ್ಟಿಗೆ ತೆರೆದು ಹನ್ನೊಂದೂ ಹಸಿರು ದೀಪಗಳ ಸ್ವಿಚ್ಚನ್ನು ಮಾತ್ರ ಕೆಳಗೆ ಎಳೆದ. ಟ್ಯೂಬ್‌ಲೈಟು ಆರಲಿಲ್ಲ, ಮಿಷನ್ ನಿಲ್ಲಲಿಲ್ಲ, ಯಾರೂ ತಲೆ ಎತ್ತಲಿಲ್ಲ. ಇಷ್ಟೇ ಇತ್ತು. ವ್ಯಾಪಾರದ ಹೊತ್ತಿನಲ್ಲಿ ಪರೀಕ್ಷೆ ಮಾಡಲು ಬಿಡುವುದಿಲ್ಲ ಎಂದು ನಾಲ್ಕು ವರ್ಷದಿಂದ ತನಗೆ ತಾನೇ ಹೇಳಿಕೊಂಡು ಬಂದದ್ದು ಶುದ್ಧ ಸುಳ್ಳು, ಯಾವ ದಿನ ಬೇಕಾದರೂ ಮಾಡಬಹುದಿತ್ತು. ಮೊಬೈಲಿನಲ್ಲಿ ಹೊತ್ತು ನೋಡಿಕೊಂಡು ದೀಪದ ಕೆಳಗೆ ನಿಂತ. ಉರಿಯುತ್ತಿತ್ತು. ಒಂದು ನಿಮಿಷ ಚೆನ್ನಾಗಿಯೇ ಉರಿಯಿತು. ಅವನ ಎದೆ ಹಗುರಾಯಿತು, ನಗುವೂ ಬಂತು, ಸುಮ್ಮನೆ ಎರಡು ವರ್ಷ ಹೆದರಿದೆನಲ್ಲ ಎಂದು. ಎರಡನೇ ನಿಮಿಷಕ್ಕೆ ಹಸಿರು ತುಸು ಮಾಸಿದಂತೆ ಕಂಡಿತು. ಕಣ್ಣು ಉಜ್ಜಿಕೊಂಡು ನೋಡಿದ. ಮೂರನೆಯದಕ್ಕೆ ಓಡುವ ಮನುಷ್ಯನ ಕಾಲು ಕಾಣದಾಯಿತು. ನಾಲ್ಕು ತುಂಬುವ ಮೊದಲೇ ಆರಿತು.

ಕೆಳಗೆ ಓಡಿದ. ಪೆಟ್ಟಿಗೆಗಳಿಗೆ ಭುಜ ತಾಗಿ ಒಂದು ಉರುಳಿತು. ತಿರುವಿನ ದೀಪ ಆರಿತ್ತು, ಎರಡನೇ ಮಜಲಿನ ಮೂರೂ ಆರಿದ್ದವು, ಹಿಂಬಾಗಿಲಿನದೊಂದು ಮಿಣುಕುತ್ತಿದ್ದದ್ದು ಅವನು ನೋಡುತ್ತಿದ್ದಂತೆ ಆರಿತು. ಅದಕ್ಕೆ ಆರು ನಿಮಿಷ. ಅವನಿಗೆ ಕತ್ತಲೆ ಕಂಡಿತು, ಕಣ್ಣು ತೆರೆದೇ ಇರುವಾಗ ಕಂಡಿತು: ಚಿಂದಿ ಹತ್ತಿಕೊಂಡ ವಾಸನೆ, ಹದಿನಾಲ್ಕು ಮಂದಿ ಒಬ್ಬರ ಸೆರಗು ಒಬ್ಬರು ಹಿಡಿದು ಗೋಡೆ ತಡವುವುದು, ಚಿಕ್ಕೇರೂರಿನ ಆ ಹುಡುಗಿ ಹಸಿರು ದೀಪ ಎಲ್ಲಿ ಎಂದು ಕೇಳುವುದು. ಅದರ ಹಿಂದೆಯೇ ಶಿಗ್ಗಾಂವಿಯ ನರ್ಸಿಂಗ್ ಹೋಮು ನೆನಪಾಯಿತು, ಹಿರೇಕೆರೂರಿನ ಲಾಡ್ಜು ನೆನಪಾಯಿತು, ಅಲ್ಲೆಲ್ಲ ಬರೆದ ತೊಂಬತ್ತುಗಳು ನೆನಪಾದವು. ಮೇಲೆ ಹೋಗಿ ಸ್ವಿಚ್ಚು ಎತ್ತಿದ. ಹನ್ನೊಂದೂ ದೀಪಗಳು ಏನೂ ಆಗಿಯೇ ಇಲ್ಲವೆಂಬಂತೆ ಉರಿದವು. ಜಯಶ್ರೀ ಮಿಷನ್ನಿನಿಂದ ತಲೆಯೆತ್ತಿ ದೀಪವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಅವನು ನಿಲ್ಲಲಿಲ್ಲ.

ಹೇಳಿಬಿಡುತ್ತೇನೆ ಎಂದುಕೊಂಡೇ ಕೌಂಟರಿಗೆ ಬಂದ. ತಪ್ಪು ತನ್ನದೊಬ್ಬನದೇ ಏನು, ದಿನಾ ಮೇನ್ ಆರಿಸಿದವರು ಯಾರು? ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದೆನಿಸಿತು. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಆರಿಸುವವರು ಯಾರೆಂದು ಮೃತ್ಯುಂಜಯಪ್ಪನವರನ್ನು ಕೇಳಿದ. ದನಿಯಲ್ಲಿ ಸ್ವಲ್ಪ ಗತ್ತು ತರಲು ನೋಡಿದ. ಅವರು ಮಡಿಚುತ್ತಿದ್ದ ಸೀರೆಯನ್ನು ಪಕ್ಕಕ್ಕಿಟ್ಟು, ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾದವರಂತೆ ಅವನ ಕಡೆ ಪೂರ್ತಿ ತಿರುಗಿದರು.

“ನಾನ ಆರಸ್ತೇನಿ. ಮತ್ತೊಬ್ಬರ ಕೈಗೆ ಕೊಟ್ಟಿಲ್ಲ. ನೀನ ಹೇಳಿದ್ಯಲ್ಲೋ ಉಡಚಪ್ಪಾ, ಹಳೇ ಅಂಗಡ್ಯಾಗ ಕರೆಂಟಿನ ಬೋರ್ಡ್ ಸುಟ್ಟಾಗ? ದಿನಾ ರಾತ್ರಿ ಮೇನ್ ಆರಿಸಿ ಹೋಗ್ರಿ ಸಾವಕಾರ್ರ, ಜೀವ ದೊಡ್ಡದು ಅಂದಿದ್ದಿ. ಎಂಟ ವರ್ಷ ಆತು, ಒಂದ ದಿನ ತಪ್ಪಿಸಿಲ್ಲ.”

ನೆನಪಾಯಿತು. ಬೆಳಿಗ್ಗೆ ಬಾಗಿಲು ತೆರೆದಾಗ ಗೋಡೆ ಕರಿದಾಗಿ, ಕೆಳಗಿದ್ದ ಇಳಕಲ್ಲ ಸೀರೆಯ ಗಂಟು ಅರ್ಧ ಸುಟ್ಟಿತ್ತು. ಮೃತ್ಯುಂಜಯಪ್ಪನವರು ನೆಲದ ಮೇಲೆ ಕುಳಿತುಬಿಟ್ಟಿದ್ದರು. ಆಗ ಇಪ್ಪತ್ತೆಂಟರ ವೈರ್‌ಮನ್ ಆಗಿದ್ದ ತಾನು ಹೊಸ ಬೋರ್ಡು ಕೂಡಿಸಿ, ತನಗಿದ್ದ ತಿಳಿವಳಿಕೆಯನ್ನೆಲ್ಲ ಸೇರಿಸಿ ಆ ಮಾತು ಹೇಳಿದ್ದ. ಆ ಅಂಗಡಿಗೆ ಅದು ಸರಿಯಾದ ಮಾತೇ, ಅಲ್ಲಿ ಹಸಿರು ದೀಪಗಳಿರಲಿಲ್ಲ. ಇವರು ಅದನ್ನು ವ್ರತದಂತೆ ಹಿಡಿದು ಹೊಸ ಕಟ್ಟಡಕ್ಕೂ ತಂದಿದ್ದರು. ಮೃತ್ಯುಂಜಯಪ್ಪನವರು ಇನ್ನೂ ಹೇಳುತ್ತಲೇ ಇದ್ದರು. ಬಸವಣ್ಣನ ಪಟಕ್ಕೆ ಕೈ ಮುಗಿದು, ಆಮೇಲೆ ಮೇನ್ ಆರಿಸಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡೇ ಹೊರಗೆ ಬರುವುದಂತೆ. ಮಗಳ ಲಗ್ನದ ದಿನವೂ ಬೀಗರನ್ನು ಊಟಕ್ಕೆ ಕೂಡಿಸಿ ಬಂದು ಆರಿಸಿ ಹೋದರಂತೆ. ಮಗ ನಕ್ಕರೆ, ಉಡಚಪ್ಪ ಹೇಳ್ಯಾನ, ಅವಗ ತಿಳೀತೈತಿ ಎಂದು ಬೈದರಂತೆ. ಅವನು ಕೇಳುತ್ತ ನಿಂತ. ಯಾರ ಮೇಲೆ ಎರಡು ವರ್ಷ ಸಿಟ್ಟು ಹಿಡಿದು ಬಾಯಿ ಮುಚ್ಚಿಕೊಂಡಿದ್ದನೋ ಅವರು ಎಂಟು ವರ್ಷದಿಂದ ದಿನವೂ ಅವನ ಮಾತನ್ನು ಕಣ್ಣಿಗೊತ್ತಿಕೊಂಡಿದ್ದರು. ಇದಕ್ಕಿಂತ ಒಂದು ಏಟು ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು. ಈಗ ಹೇಳಿದರೆ ಎಲ್ಲವನ್ನೂ ಹೇಳಬೇಕು: ಮಾತೂ ನನ್ನದು, ಕಂಡೂ ಸುಮ್ಮನಿದ್ದವನೂ ನಾನು, ಅಂಕಿಗಳೂ ನನ್ನವು. ಮುಗೀತೇನೋ ಎಂದು ಅವರು ರಿಜಿಸ್ಟರ್ ತೋರಿಸಿ ಕೇಳಿದರು. ಮುಗೀತ್ರಿ ಎಂದ. ಹನ್ನೊಂದನೆಯ ದೀಪದ ಮುಂದೆ ತೊಂಬತ್ತು ಬರೆದ, ಕೆಳಗೆ ಸಹಿ ಹಾಕಿದ. ಸಹಿ ಯಾವತ್ತಿಗಿಂತ ಚಂದ ಬಿತ್ತು.

ಬ್ಯಾಗು ಹೆಗಲಿಗೇರಿಸಿ ರಸ್ತೆಗೆ ಬಂದ. ಬೈಕಿಗೆ ಕೀಲಿ ಹಾಕಿದ. ಸೋಮವಾರ ಕಳೆಯಲಿ, ಆಮೇಲೆ ಒಂದೊಂದೇ ಬ್ಯಾಟರಿ ತಂದು ಯಾರಿಗೂ ಗೊತ್ತಾಗದಂತೆ ಬದಲಿಸಿದರಾಯಿತು, ಮೇನ್ ಆರಿಸಬೇಡಿರೆಂದು ಹೇಳಲು ಏನಾದರೂ ನೆವ ಹುಡುಕಿದರಾಯಿತು. ಅಲ್ಲಿಯವರೆಗೆ? ಒಂದು ತಿಂಗಳು, ಎರಡು ತಿಂಗಳು. ಅಷ್ಟರಲ್ಲಿ ಏನೂ ಆಗುವುದಿಲ್ಲ, ನಾಲ್ಕು ವರ್ಷ ಆಗಿಲ್ಲ. ಆದರೆ ತಲೆಯೆತ್ತಿ ಕಿಟಕಿ ಮುಚ್ಚಿದ ಆ ದೊಡ್ಡ ಬೋರ್ಡನ್ನು ನೋಡಿದೊಡನೆ ಹೆದರಿಕೆ ಕಾಲು ಹಿಡಿಯಿತು, ಬೈಕು ಏರಲಾಗಲಿಲ್ಲ. ಜಯಶ್ರೀಯನ್ನು ಮಾತ್ರ ಇಲ್ಲಿಂದ ಬಿಡಿಸಬೇಕು. ಬೇರೆ ಏನೂ ಆ ಕ್ಷಣ ಅವನ ತಲೆಯಲ್ಲಿರಲಿಲ್ಲ. ಕೀಲಿ ತೆಗೆದು, ಗಾದಿಯ ಕಡೆ ನೋಡದೆ ಮತ್ತೆ ಮೇಲೆ ಹತ್ತಿದ.

ಬಾಗಿಲಿಗೆ ಕರೆದು, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ. ಯಾಕೆಂದು ಕೇಳಿದಳು. ಕಣ್ಣು ಹಾಳಾಗುತ್ತವೆ ಎಂದ, ಮನೆಯಲ್ಲೇ ಒಂದು ಮಿಷನ್ ಹಾಕೋಣ ಎಂದ, ಇವತ್ತೇ ಈಗಲೇ ನಡೆ ಎಂದ. ಮಾತು ಹೆಚ್ಚಾದಷ್ಟೂ ಅವಳ ಮುಖ ಗಟ್ಟಿಯಾಗುತ್ತ ಬಂತು. ಅವಳು ಮೇಲಿನ ದೀಪವನ್ನು ನೋಡಿದಳು.

“ಎಷ್ಟ ನಿಮಿಷ ಉರೀತು?”

ಅವನು ಹೆಗಲಿನ ಬ್ಯಾಗು ಸರಿಮಾಡಿಕೊಂಡ.

“ಕೇಳಾಕತ್ತೇನಿ. ಎಷ್ಟ ನಿಮಿಷ?”

“ನಾಲ್ಕು,” ಎಂದ. “ನಾಲ್ಕೂ ತುಂಬಲಿಲ್ಲ.”

ಅವಳು ತಿರುಗಿ ಒಳಗಿನವರನ್ನು ನೋಡಿದಳು, ಎಣಿಸಿದಂತೆ ಕಂಡಿತು. ಹೊಸ ಹುಡುಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಗೋಡೆಗೆ ಹತ್ತಿದ ಮಿಷನ್ನಿನಲ್ಲಿ ಶಾಕೀರಾ ಕೂತಿದ್ದಳು.

“ಶಾಕೀರಾಕ್ಕಗ ಈ ಮೆಟ್ಟಲಾ ಇಳ್ಯಾಕ ಎಷ್ಟ ಹೊತ್ತ ಬೇಕು, ಗೊತ್ತೈತೇನು ನಿಮಗ? ಗಾಳಿ ಬೇಕಂತ ಹೇಳಿ ಆಕಿ ಜಾಗಾ ನನಗ ಕೊಡಿಸಿದ್ರಿ. ಅವತ್ತ ಗೊತ್ತಿತ್ತು ನಿಮಗ.”

ಅವಳು ಒಳಗೆ ಹೋದಳು. ಬಾಗಿಲ ಪಕ್ಕದ ತನ್ನ ಮಿಷನ್ನಿನಿಂದ ಅರ್ಧ ಹೊಲಿದ ಜಂಪರು ಎತ್ತಿಕೊಂಡು, ಸಾಲುಗಳ ನಡುವೆ ದಾಟಿ, ಶಾಕೀರಾಳ ಕಿವಿಯಲ್ಲಿ ಏನೋ ಹೇಳಿ, ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ನಿಧಾನವಾಗಿ ನಡೆಸಿಕೊಂಡು ಬಂದು ಬಾಗಿಲ ಪಕ್ಕದ ಜಾಗದಲ್ಲಿ ಕೂಡಿಸಿದಳು. ಆಮೇಲೆ ಗೋಡೆಯ ಮಿಷನ್ನಿಗೆ ಹೋಗಿ ತಾನು ಕುಳಿತಳು. ಬಾಗಿಲಿನಿಂದ ಅಲ್ಲಿಗೆ ಹದಿನಾರು ಹೆಜ್ಜೆ ಇದ್ದೀತು, ನಡುವೆ ಹನ್ನೆರಡು ಮಿಷನ್ನು. ಅವನ ಕಡೆ ನೋಡದೆ ಹೊಲಿಯತೊಡಗಿದಳು.

ಅವನು ಇಳಿಯತೊಡಗಿದ. ಎರಡನೇ ತಿರುವಿನಲ್ಲಿ ನಿಂತು, ಉರುಳಿದ್ದ ಪೆಟ್ಟಿಗೆಯನ್ನು ಎತ್ತಿ ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡೇ ಇಳಿದ. ಇನ್ನೂ ಓಡಿಹೋಗಬಹುದಿತ್ತು, ಬೈಕು ಅಲ್ಲೇ ಇತ್ತು. ಅಷ್ಟು ಹೆದರಿಕೆ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ. ಪೊಲೀಸರು ಬಂದಾರು, ಲೈಸೆನ್ಸು ಹೋದೀತು, ನಾಲ್ಕು ತಾಲೂಕಿನಲ್ಲಿ ಯಾರೂ ಒಂದು ಬಲ್ಬು ಹಾಕಲೂ ಕರೆಯಲಿಕ್ಕಿಲ್ಲ. ಗಾದಿಯ ಮೇಲೆ ಹತ್ತಿಮತ್ತೂರಿನವರು ಧಾರೆ ಸೀರೆ ಆರಿಸಿ, ಅದನ್ನು ಮದುಮಗಳ ಹೆಗಲ ಮೇಲೆ ಹಾಕಿ ನೋಡುತ್ತಿದ್ದರು. ಮೃತ್ಯುಂಜಯಪ್ಪನವರು ಅವನನ್ನು ಕಂಡು, ಏನೋ, ಮತ್ತೇನರ ಉಳೀತೇನು ಎಂದರು. ರಿಜಿಸ್ಟರು ಅವರ ತೊಡೆಯ ಪಕ್ಕದಲ್ಲಿತ್ತು. ಅವನು ಪೆಟ್ಟಿಗೆಯನ್ನು ನೆಲಕ್ಕಿಳಿಸಿದ.

“ಅದರಾಗ ನಾ ಬರದದ್ದು ಸುಳ್ಳು ರೀ, ಸಾವಕಾರ್ರ. ನಾಲ್ಕ ನಿಮಿಷಕ್ಕ ಆರ್ತಾವು. ಎರಡ ವರ್ಷದಿಂದ ಗೊತ್ತಿತ್ತು ನನಗ.”

ಅವರಿಗೆ ಒಮ್ಮೆಲೇ ತಿಳಿಯಲಿಲ್ಲ. ಸೀರೆ ಹಿಡಿದಿದ್ದ ಹೆಂಗಸರು ಅವನತ್ತ ತಿರುಗಿದರು, ಮದುಮಗಳೂ ತಿರುಗಿದಳು. ಹೇಳಿದ ಮೇಲೆ ಹೆದರಿಕೆ ಇಳಿಯುತ್ತದೆಂದು ಎಲ್ಲೋ ನಂಬಿದ್ದ, ಇಳಿಯಲಿಲ್ಲ. ಮೃತ್ಯುಂಜಯಪ್ಪನವರ ಮುಖ ನಿಧಾನವಾಗಿ ಕೆಂಪಾಗತೊಡಗಿತು, ಬಾಯಿ ತೆರೆಯಿತು. ಅವನು ಮೊಟ್ಟಮೊದಲ ಬಾರಿಗೆ ಅವರ ಮಾತನ್ನು ಅರ್ಧಕ್ಕೇ ತಡೆದ.

“ಬೈಯೂದು ಆಮ್ಯಾಲ ಬೈರಿ. ಮ್ಯಾಲ ಹದಿನಾಲ್ಕ ಮಂದಿ ಅದಾರ. ಮೊದಲ ಅವ್ರನ್ನ ಕೆಳಗ ಕರೀರಿ.”